ದುಪ್ಪಟಿಯ ಮೇಲೆ ಮೂಡಿದ ಬಸ್ರಾ

ಮಗ್ಗದ ಬೀದಿಯ ಈ ತುದಿಯಿಂದ ಆ ತುದಿಗೆ ನನ್ನ ನೂಲನ್ನು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ನೇಕಾರ ವೀರಭದ್ರಣ್ಣ ಒಂದು ಬದಿಗೆ, ಅವನ ಹೆಂಡತಿ ಗಿರಿಜಮ್ಮ ಇನ್ನೊಂದು ಬದಿಗೆ ನಿಂತು, ದೊಡ್ಡ ಕುಂಚವನ್ನು ಎಳೆಗಳ ಮೇಲೆ ತೀಡುತ್ತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಬಿಸಿಲು ಏರುವುದರೊಳಗೆ ಮುಗಿಯಬೇಕಾದ ಕೆಲಸ ಅದು. ತಡವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ನಾನು ಆಗ ಇನ್ನೂ ಬಟ್ಟೆಯಲ್ಲ, ಬರೀ ಉದ್ದೆಳೆಗಳ ಹಾಸು; ಅಡ್ಡೆಳೆಗಳ ಹೊಕ್ಕು ಇನ್ನೂ ಬರಬೇಕಿತ್ತು. ಆದರೂ ನನ್ನ ಮೊದಲ ನೆನಪು ಅದೇ. ಗಂಜಿಯ ತಣ್ಣನೆಯ ವಾಸನೆ, ಕುಂಚದ ಕಚಗುಳಿ, ಆಮೇಲೆ ಎತ್ತಿನ ಗಾಡಿಯೊಂದು ಬಂದು ನಿಂತ ಸದ್ದು.

ಗಾಡಿಯಿಂದ ಇಳಿದವಳು ಕೆಂಚನಕಟ್ಟೆಯ ಮುದುಕಿ ನಂಜವ್ವ. ಇಳಿಯುತ್ತಲೇ ಎತ್ತನ್ನು ಬೈದಳು. "ಜವರಾ, ನಿನ್ ಕಣ್ಣಿಗೆ ಮಣ್ಣಾಕ. ನೂಲು ತುಳ್ದೀಯ, ನಿಂತ್ಕೋ ಅಲ್ಲೇ."

ಎತ್ತು ನಿಂತಿತು. ನಂಜವ್ವ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಒಂದು ಎಳೆಯನ್ನು ಬೆರಳಿನಲ್ಲಿ ಹಿಡಿದು ನೋಡಿದಳು.

"ವೀರಭದ್ರಣ್ಣ, ಇದು ನಂಗಿರ್ಲಿ. ಮೊಮ್ಮಗಳ ಮದ್ವೆ. ತೆರೆ ಹಿಡಿಯಾಕೆ ಬೇಕು."

"ತೆರೆಗೆ ತೆಳ್ಳಗಿನ ಬಟ್ಟೆ ಸಾಕು ಕಣವ್ವ. ಇದು ದುಪ್ಪಟಿಗೆ ಅಂತ ಹಾಕಿರೋದು, ಮಂದವಾಗಿ ಬತ್ತದೆ."

"ಮಂದವಾಗೇ ಇರ್ಲಿ. ತೆಳ್ಳಗಿದ್ರೆ ಗಂಡು ಮೊದ್ಲೇ ಇಣುಕ್ತಾನೆ."

ಗಿರಿಜಮ್ಮ ಕುಂಚ ನಿಲ್ಲಿಸದೆಯೇ ಕೇಳಿದಳು. "ನಿಮ್ಮೋರು ಇಣುಕಿದ್ರಾ ನಂಜವ್ವ?"

"ಇಣುಕಿದ್ದು ದಿಟ," ಅಂದಳು ನಂಜವ್ವ. "ಪೂರ್ತಿ ನೋಡೋ ಹೊತ್ಗೆ ಹೊರಟೋದ್ರು."

ಗಿರಿಜಮ್ಮ ನಗಲಿಕ್ಕೆಂದು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು. ಯಾರು ಹೊರಟುಹೋದರು, ಎಲ್ಲಿಗೆ, ಅದು ನನಗೆ ತಿಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ನಾನು ಒಂದು ದುಪ್ಪಟಿ. ಎರಡು ಅಗಲದ ಬಟ್ಟೆಯನ್ನು ನಡುವೆ ಸೇರಿಸಿ ಹೊಲಿದರೆ ಒಂದು ದುಪ್ಪಟಿ ಆಗುತ್ತದೆ; ಹೊದೆಯಬಹುದು, ಹಾಸಬಹುದು, ಕಾಳು ಕಟ್ಟಬಹುದು. ನನ್ನ ಎದೆಯ ನಡುವೆ ಹುಟ್ಟಿನಿಂದಲೇ ಒಂದು ಹೊಲಿಗೆ ಇದೆ. ಎರಡು ಅಂಚಿನಲ್ಲಿ ಕೆಂಪು ಗೆರೆ. ಉಳಿದಂತೆ ಪೂರಾ ಬಿಳುಪು. ವೀರಭದ್ರಣ್ಣ ನನ್ನನ್ನು ಮಗ್ಗದಿಂದ ಕೊಯ್ದು ಕೊಡುವಾಗ ಒಮ್ಮೆ ಕೊಡವಿ, ಕೆನ್ನೆಗೆ ಒತ್ತಿ ನೋಡಿದ. ಆ ಒಂದು ಗಳಿಗೆಗೆ ನಾನು ಇವತ್ತಿಗೂ ಋಣಿ. ಮಾಡಿದವನು ಮಾರುವ ಮುಂಚೆ ಒಮ್ಮೆ ಮುದ್ದಿಸಿದರೆ, ಆ ವಸ್ತು ಎಲ್ಲಿಗೆ ಹೋದರೂ ತಾನು ಬೇಕಾದದ್ದು ಅಂತ ತಿಳಿದುಕೊಂಡೇ ಬಾಳುತ್ತದೆ.

ಮದುವೆಯ ದಿನ ನನ್ನ ಒಂದು ಮಗ್ಗುಲಲ್ಲಿ ಸಣ್ಣತಾಯಿ ನಿಂತಿದ್ದಳು, ಇನ್ನೊಂದು ಮಗ್ಗುಲಲ್ಲಿ ಮದುವೆಗಂಡು ಕರಿಗೌಡ. ಸಣ್ಣತಾಯಿ ನಂಜವ್ವನ ಮಗಳ ಮಗಳು. ಅವಳ ಉಸಿರು ನನಗೆ ಬೆಚ್ಚಗೆ ತಾಗುತ್ತಿತ್ತು. ಆ ಕಡೆ ಗಂಡಿನ ಉಸಿರು ಅದಕ್ಕಿಂತ ಜೋರಾಗಿತ್ತು. ಒಂದೇ ಬಟ್ಟೆಯನ್ನು ಎರಡು ಕಡೆಯಿಂದ ಇಬ್ಬರು ನೋಡುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾಣುತ್ತದೆ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ. ನನ್ನನ್ನು ಇಳಿಸಿದಾಗ ಇಬ್ಬರೂ ನೆಲ ನೋಡುತ್ತಿದ್ದರು. ನಂಜವ್ವ ಮೊಮ್ಮಗಳ ಜಡೆ ಸರಿಮಾಡುತ್ತ, "ಆ ಬಿಳೇ ಹೂವ ಬಾಡ್ತಾ ಅದೆ, ಇನ್ನೊಂದು ದಂಡೆ ತನ್ರವ್ವ," ಅಂತ ಕೂಗಿದಳು. ಕರಿಗೌಡ ಮನೆಅಳಿಯನಾಗಿ ಕೆಂಚನಕಟ್ಟೆಯಲ್ಲೇ ನಿಂತ. ನಾನೂ ಅದೇ ಮನೆಯಲ್ಲಿ ನಿಂತೆ.

ಮದುವೆ ಮುಗಿದ ಮೇಲೆ ನಾನು ನಂಜವ್ವನ ಹೊದಿಕೆಯಾದೆ. ಮೊಮ್ಮಗಳು ಎಷ್ಟೋ ಸಂಜೆ ಅಜ್ಜಿಯ ಮಗ್ಗುಲಿಗೆ ಬಂದು ನನ್ನ ಒಂದು ಚುಂಗು ಎಳೆದುಕೊಂಡು ಕೂರುತ್ತಿದ್ದಳು. ಆಗ ಕೇಳಿದ್ದು ಬಸ್ರಾ ತಾತನ ಕತೆ.

ನಂಜವ್ವ ಮದುವೆಯಾಗಿ ಹೋದದ್ದು ಮಾವಿನಕೊಪ್ಪಲಿಗೆ. ಮೈನೆರೆದು ಗಂಡನ ಮನೆ ಸೇರಿದ ಮಾರನೆಯ ವರ್ಷವೇ ಗಂಡ ಲಡಾಯಿಗೆ ಹೊರಟ. ದೊಡ್ಡ ಲಡಾಯಿ, ಸಮುದ್ರದಾಚೆ, ಬಸ್ರಾ ಅನ್ನುವ ಕಡೆ. ಅವನ ಕೈಗೆ ಬಂದೂಕ ಕೊಡಲಿಲ್ಲ, ಹೇಸರಗತ್ತೆಯ ಹಗ್ಗ ಕೊಟ್ಟರು. ನೀರು, ಮೇವು, ಗುಂಡು ಹೊರುವ ಕತ್ತೆಗಳು. ನಂಜವ್ವ ಬಸುರಿ, ತೌರಾದ ಕೆಂಚನಕಟ್ಟೆಗೆ ಬಂದಳು. ರಾಗಿ ಕುಯ್ಲಿನ ಹೊತ್ತಿಗೆ ಹೆರಿಗೆಯಾಗಿ, ಮಗುವನ್ನು ತೊಟ್ಟಿಲಿಗೆ ಹಾಕಿದ ವಾರದಲ್ಲಿ ಬಸ್ರಾದಿಂದ ಒಂದು ಕಾಗದ ಬಂತು. ಶಾನುಭೋಗರು ಜಗಲಿಯ ಮೇಲೆ ಕೂತು ಓದಿದರು. ಕಾಗದದಲ್ಲಿ ಇದ್ದದ್ದು ಸ್ವಲ್ಪ. ಇಲ್ಲಿ ಬಿಸಿಲು ಜಾಸ್ತಿ. ಕತ್ತೆಗಳು ಹೇಳಿದ ಮಾತು ಕೇಳುತ್ತವೆ. ಮಗು ಗಂಡೋ ಹೆಣ್ಣೋ, ಉತ್ತರ ಬರೆಸು.

ಬಾಣಂತನ ಮುಗಿಯಲಿ, ಬರೆಸೋಣ ಅಂದರು ಮನೆಯವರು. ಅಷ್ಟರಲ್ಲಿ ಮಾರನೆಯ ವರ್ಷ ದೊಡ್ಡ ಜ್ವರ ಬಂತು. ಶಾನುಭೋಗರು ಹೋದರು. ನಂಜವ್ವನ ಅಣ್ಣಂದಿರು ಹೋದರು. ಮಾವಿನಕೊಪ್ಪಲಿನಲ್ಲಂತೂ ದೀಪ ಹಚ್ಚುವವರೇ ಉಳಿಯಲಿಲ್ಲ. ಇವತ್ತಿಗೂ ಅದು ಬೇಚರಾಕ್ ಗ್ರಾಮ, ಜನವಿಲ್ಲದ ಊರು. ಜ್ವರ ಇಳಿದ ಮೇಲೆ ವಿಳಾಸಕ್ಕಾಗಿ ಆ ಕಾಗದ ತೆಗೆಯೋಣವೆಂದು ಸೂರಿನ ಸಂದಿಗೆ ಕೈ ಹಾಕಿದರೆ ಗೆದ್ದಲು ತಿಂದು ಮಣ್ಣು ಮಾಡಿತ್ತು.

ಆದರೂ ನಂಜವ್ವ ಸಂತೆಗೆ ಹೋದಳು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು. ಸಂತೆಯಲ್ಲಿ ಕಾಗದ ಬರೆದುಕೊಡುವ ಒಬ್ಬ ಮರದಡಿ ಕೂರುತ್ತಿದ್ದ.

"ಯಾರಿಗೆ?" ಅಂದ.

"ನಮ್ಮೋರಿಗೆ."

"ಎಲ್ರೂ ನಮ್ಮೋರೇ ಕಣವ್ವ. ಹೆಸರು ಹೇಳು."

ಗಂಡನ ಹೆಸರು. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ನಾದಿನಿಯರು ಬಲವಂತ ಮಾಡಿದಾಗ ಒಂದೇ ಸಲ ಅವಳು ಅದನ್ನು ಹೇಳಿದ್ದು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಸ್ಸು ಸವೆಯುತ್ತದೆ ಅಂತ ಅವಳಿಗೆ ಹೇಳಿಕೊಟ್ಟಿದ್ದರು. ಅವನೋ ಲಡಾಯಿಯಲ್ಲಿದ್ದಾನೆ, ಅಂಥ ಹೊತ್ತಿನಲ್ಲಿ ಹೇಗೆ ಹೇಳುವುದು? ಸುತ್ತ ನಿಂತ ಗಂಡಸರು ನಕ್ಕರು. ನಂಜವ್ವ ಮಗುವಿಗೆ ಒಂದು ಬತ್ತಾಸು ಕೊಡಿಸಿ ಮನೆಗೆ ಬಂದಳು.

"ಅದ್ಕೇ ಮುನಿಸ್ಕಂಡು ಬರ್ನಿಲ್ಲ," ಅನ್ನುತ್ತಿದ್ದಳು ಮೊಮ್ಮಗಳಿಗೆ. "ಒಂದು ಮಾತು ಕೇಳಿದ್ರು. ಉತ್ತರ ಹೋಗ್ನಿಲ್ಲ. ಇವ್ಳಿಗೆ ನಾನು ಬ್ಯಾಡ್ವೇನೋ ಅಂದ್ಕಂಡಿರ್ತಾರೆ."

ಊರು ಬೇರೆ ಥರ ಹೇಳುತ್ತಿತ್ತು. ಗಂಡ ಸತ್ತ ಸುದ್ದಿಯಿಲ್ಲ, ಬಂದ ಸುದ್ದಿಯಿಲ್ಲ. ಓಡಿಹೋದ. ಅಲ್ಲೇ ಯಾರನ್ನೋ ಕಟ್ಟಿಕೊಂಡ. ಹಾಗಾಗಿ ಆ ಮನೆಗೆ ಓಡೋದೋನ ಮನೆ ಅಂತಲೇ ಹೆಸರು ನಿಂತಿತು. ಎದುರುಮನೆಯ ಹುಚ್ಚೇಗೌಡ ಎಮ್ಮೆ ಹುಡುಕುತ್ತ ಬಂದರೆ, "ಓಡೋದೋನ ಮನೆ ಕಡೆ ಹೋಯ್ತಾ?" ಅಂತಲೇ ಕೇಳುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ, ಅಷ್ಟೆ. ನಂಜವ್ವ ಕುಂಕುಮ ಇಟ್ಟುಕೊಂಡೇ ಇದ್ದಳು. ಪಿತೃಪಕ್ಷದಲ್ಲಿ ಎಲ್ಲರ ಹೆಸರಿನಲ್ಲಿ ಎಡೆ ಇಟ್ಟರೂ ಅವನಿಗೆ ಮಾತ್ರ ಇಡುತ್ತಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಊರಿಗೆ ರಾತ್ರಿ ಶಾಲೆ ಬಂತು. ಚಾವಡಿಯಲ್ಲಿ ದೀಪ ಹಚ್ಚಿ ದೊಡ್ಡವರಿಗೆ ಅಕ್ಷರ ಕಲಿಸುವುದು. ಮರಿಸ್ವಾಮಿ ಅನ್ನುವ ಮೇಷ್ಟ್ರು ಒಂದು ಪೆಟ್ಟಿಗೆ ತಂದಿದ್ದರು. ಅದರೊಳಗೆ ದೀಪ, ದೀಪದ ಮುಂದೆ ಗಾಜಿನ ಚೂರು, ಗಾಜಿನ ಮೇಲೆ ಅಕ್ಷರ. ಬಿಳೀ ಬಟ್ಟೆಯ ಮೇಲೆ ಬೆಳಕು ಬಿಟ್ಟರೆ ಅಕ್ಷರ ಎತ್ತಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬಟ್ಟೆ ಬೇಕು ಅಂದಾಗ ನಂಜವ್ವ ನನ್ನನ್ನು ಮಡಚಿ ಮೊಮ್ಮಗಳ ಕೈಗಿಟ್ಟಳು.

"ಇದನ್ನೂ ತಗಂಡೋಗು, ನೀನೂ ಹೋಗು. ನೀನಾದ್ರೂ ಕಲ್ತು ಆ ಕಾಗದ ಬರಿ."

ಚಾವಡಿಯಲ್ಲಿ ಗಂಡಸರು ಮುಂದೆ ಕೂತರು. ಮಾವಂದಿರು, ಭಾವಂದಿರು ಇರುವ ಕಡೆ ಹೆಂಗಸರು ಕೂರುವುದು ಹೇಗೆ? ಅವರು ನನ್ನ ಹಿಂದೆ ಕೂತರು. ನಾನು ಮಂದ, ಬೆಳಕು ಆಚೆಗೆ ಹಾಯುತ್ತಿರಲಿಲ್ಲ. ಸಣ್ಣತಾಯಿ ಚೊಂಬಿನಲ್ಲಿ ನೀರು ತಂದು ನನಗೆ ಚಿಮುಕಿಸಿದಳು. ಒದ್ದೆಯಾದ ಮೇಲೆ ಅಕ್ಷರಗಳು ನನ್ನ ಬೆನ್ನಲ್ಲೂ ಮೂಡಿದವು, ಉಲ್ಟಾ. ಗಂಡಸರ ಕಡೆ ಎಡದಿಂದ ಶುರುವಾದದ್ದು ಹೆಂಗಸರ ಕಡೆ ಬಲದಿಂದ ಶುರುವಾಗುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಹೆಂಗಸರು ಹಾಗೆಯೇ ಕಲಿತರು. ಮೊದಲ ಪರೀಕ್ಷೆಯ ದಿನ ಎಲ್ಲರ ಸ್ಲೇಟು ನೋಡಿದ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು.

"ಏನ್ರವ್ವಾ, ಕನ್ನಡಿಯೊಳಗೆ ಬರ್ದಂಗೆ ಬರ್ದಿದೀರಲ್ಲ."

"ನೀವು ಹೇಳ್ಕೊಟ್ಟಂಗೇ ಬರ್ದಿದೀವಿ ಮೇಷ್ಟ್ರೇ," ಅಂದಳು ಸಣ್ಣತಾಯಿ. "ನಮ್ ಕಡೆಯಿಂದ ಹಿಂಗೇ ಇರೋದು."

ಮೇಷ್ಟ್ರು ಬಂದು ಹೆಂಗಸರ ಕಡೆ ಕೂತು ನೋಡಿದರು. ತುಂಬಾ ಹೊತ್ತು ನಕ್ಕರು. ಆಮೇಲೆ ಪೆಟ್ಟಿಗೆಯನ್ನು ಒಂದು ದಿನ ಆ ಕಡೆ, ಒಂದು ದಿನ ಈ ಕಡೆ ಇಡತೊಡಗಿದರು. ಹೀಗೆ ಸಣ್ಣತಾಯಿಗೆ ಅಕ್ಷರ ಎರಡು ಸಲ ಬಂತು, ಒಮ್ಮೆ ಉಲ್ಟಾ, ಒಮ್ಮೆ ಸೀದಾ. ನನಗೂ ಅಕ್ಷರ ಬಂದದ್ದು ಅಲ್ಲೇ. ಬಟ್ಟೆಯಾಗಿ ಹುಟ್ಟಿದವರಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ ಬಂದೀತು?

ಓದು ಕೈಗೆ ಹತ್ತಿದ ಮೇಲೆ ಸಣ್ಣತಾಯಿ ಒಂದು ಹಾಳೆ ತಂದು ಅಜ್ಜಿಯ ಮುಂದೆ ಕೂತಳು. "ಹೇಳಜ್ಜಿ. ತಾತನ ಹೆಸರು?"

ನಂಜವ್ವನ ತುಟಿ ಒಮ್ಮೆ ಅಲುಗಿತು. ನಾನು ಅವಳ ಮಡಿಲಲ್ಲೇ ಇದ್ದೆ. ಅವಳ ಬೆರಳು ನನ್ನ ಅಂಚನ್ನು ಹಿಂಡಿ ಹಿಡಿದದ್ದು ಇನ್ನೂ ನೆನಪಿದೆ.

"ಅವ್ರು ಬಂದ್ಮೇಲೆ ನೀನೇ ಕೇಳ್ಕೋ," ಅಂದಳು ಕೊನೆಗೆ.

ಆ ಮಾಗಿಯಲ್ಲಿ ಅವಳು ತೀರಿಕೊಂಡಳು. ಮುತ್ತೈದೆಯೆಂದೇ ಅರಿಶಿನ ಕುಂಕುಮ ಹಚ್ಚಿ ಕಳಿಸಿದರು. ಹಾಳೆ ಖಾಲಿಯಾಗಿಯೇ ಉಳಿಯಿತು. ಸಣ್ಣತಾಯಿಗೆ ಬರೆಯಲು ಬರುತ್ತಿತ್ತು, ಬರೆಯಬೇಕಾದ್ದೂ ಗೊತ್ತಿತ್ತು. ಯಾರಿಗೆ ಅನ್ನುವುದೊಂದೇ ಗೊತ್ತಿರಲಿಲ್ಲ. ಗೊತ್ತಿದ್ದ ಹಿರಿಯರೆಲ್ಲ ದೊಡ್ಡ ಜ್ವರದಲ್ಲೇ ಹೋಗಿದ್ದರು, ಉಳಿದ ಊರಿಗೆ ಅವನು ಬರೀ ಓಡೋದೋನು. ಅವಳ ಅವ್ವ ಕಾಳಮ್ಮನಿಗೂ ಗೊತ್ತಿರಲಿಲ್ಲ. ಹೆಣ್ಣುಮಗಳು, ಅಪ್ಪನ ಹೆಸರು ಹೇಳಬೇಕಾದ ಕಡೆಗೆ ಅವಳನ್ನು ಯಾರೂ ಕಳಿಸಿರಲಿಲ್ಲ.

ಆಮೇಲೆ ಬಹಳ ವರ್ಷ ನಾನು ಒಳ್ಳೆಯ ಬದುಕು ಬಾಳಿದೆ. ಸಣ್ಣತಾಯಿಯ ಹೆರಿಗೆಗಳಲ್ಲಿ ಬಾಗಿಲಿಗೆ ಮರೆಯಾದೆ. ಅವಳ ಮಕ್ಕಳಿಗೆ ಜೋಲಿಯಾದೆ. ಹಬ್ಬಕ್ಕೆ ಬಂದ ನೆಂಟರಿಗೆ ಹಾಸಾದೆ. ಕಾಳಮ್ಮ ಹೋದಳು, ಕರಿಗೌಡ ಹೋದ. ಸಣ್ಣತಾಯಿ ಪಕ್ಕದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದಳು, ವಯಸ್ಸಾದ ಮೇಲೆ ಬಿಟ್ಟಳು. ಊರೆಲ್ಲ ಸಣ್ಣತಾಯಮ್ಮ ಅನ್ನತೊಡಗಿತು. ನನ್ನನ್ನು ಅವಳು ವರ್ಷಕ್ಕೊಮ್ಮೆ ಸೀಗೆಕಾಯಿ ನೀರಿನಲ್ಲಿ ಅದ್ದಿ, ಗಂಜಿ ಹಾಕಿ, ನೆರಳಲ್ಲಿ ಒಣಗಿಸಿ ಟ್ರಂಕಿಗೆ ಸೇರಿಸುತ್ತಿದ್ದಳು. ಅಷ್ಟು ಜೋಪಾನ ಮಾಡಿದ್ದಕ್ಕೇ ಇವತ್ತು ಇದನ್ನೆಲ್ಲ ಹೇಳಲು ನಾನು ಇದ್ದೇನೆ.

ಹಾಗೆ ಹಗ್ಗದ ಮೇಲೆ ಒಣಗುತ್ತಿದ್ದ ಒಂದು ದಿನ ಪಕ್ಕದ ಮನೆಯ ಲಿಖಿತಾ ಓಡಿ ಬಂದಳು. ಐದನೇ ಕ್ಲಾಸು. ಹಿಂದೆ ಅವಳ ಜೊತೆಗಾರ ನಿಹಾಲ.

"ಅಜ್ಜಿ, ಬಿಳೀ ಬೆಡ್‌ಶೀಟ್ ಇದ್ಯಾ? ಹೂವು ಗೀವು ಇರಬಾರ್ದು."

"ಯಾಕವ್ವ?"

"ಯುದ್ಧ ಮಾಡಕ್ಕೆ."

"ಬೆಡ್‌ಶೀಟಲ್ಲಿ ಯುದ್ಧ ಮಾಡ್ತೀರಾ? ನಮ್ ಕಾಲ್ದಲ್ಲಿ ದೊಣ್ಣೆ ತತ್ತಿದ್ರು."

ನಿಹಾಲ ಬಿಡಿಸಿ ಹೇಳಿದ. ಶಾಲೆಗೆ ಯಾರೋ ದಾನ ಮಾಡಿದ ಪ್ರೊಜೆಕ್ಟರ್ ಬಂದಿದೆ, ಪರದೆ ಬಂದಿಲ್ಲ. ಗೋಡೆಗೆ ಬಿಟ್ಟರೆ ಗೋಡೆಯ ಹಸಿರು ಬಣ್ಣಕ್ಕೆ ಎಲ್ಲರೂ ಕಾಮಾಲೆ ಬಂದವರಂತೆ ಕಾಣುತ್ತಾರೆ. ತಾಲ್ಲೂಕಿನ ಪ್ರತಿ ಶಾಲೆಯೂ ಹಿಂದಿನ ಕಾಲದ ಒಂದು ಯುದ್ಧದ ಬಗ್ಗೆ ವಿಷಯ ಹುಡುಕಿ, ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಊರವರಿಗೆ ತೋರಿಸಬೇಕು. ಚೀಟಿ ಎತ್ತಿದಾಗ ಇವರ ಪಾಲಿಗೆ ಬಂದದ್ದು ಮೊದಲನೇ ಮಹಾಯುದ್ಧ.

"ಬೇರೆಯವ್ರಿಗೆಲ್ಲ ರಾಜರು ಕುದುರೆ ಸಿಕ್ಕಿದೆ," ಅಂದಳು ಲಿಖಿತಾ ಬೇಸರದಿಂದ. "ನಮಗೆ ಇದು. ಪುಸ್ತಕದಲ್ಲಿ ಒಂದೇ ಒಂದು ಪ್ಯಾರಾ ಇದೆ."

ಸಣ್ಣತಾಯಮ್ಮ ನನ್ನನ್ನು ಹಗ್ಗದಿಂದ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಪ್ಯಾರಾದಲ್ಲಿ ಬಸ್ರಾ ಬತ್ತದಾ?"

ಮಕ್ಕಳು ಅವತ್ತೇ ಮೇಡಮ್ಮಿನ ಫೋನು ಇಸಿದುಕೊಂಡು ಬಂದರು. ಅವರ ಮೇಡಂ ವಾರಿಜಾ, ಪೇಟೆಯಿಂದ ಬಸ್ಸಿನಲ್ಲಿ ಬಂದುಹೋಗುವ ಎಳೆಯ ವಯಸ್ಸಿನ ಹೆಂಗಸು. ಅವರೂ ಜೊತೆಗೆ ಬಂದು ಜಗಲಿಯ ಮೇಲೆ ಕೂತರು. ಫೋನನ್ನು ನನ್ನ ಮಡಿಕೆಯ ಮೇಲಿಟ್ಟು ಅಜ್ಜಿಯ ಮಾತು ರೆಕಾರ್ಡ್ ಮಾಡಿದರು. ಸಣ್ಣತಾಯಮ್ಮ ಎಲ್ಲ ಹೇಳಿದಳು.

"ಅಜ್ಜಿ, ಕತ್ತೆ ಹಿಡ್ಕೊಂಡು ಯಾರಾದ್ರೂ ಯುದ್ಧ ಮಾಡ್ತಾರಾ?" ಅಂದ ನಿಹಾಲ.

"ಬಂದೂಕ ಹಿಡ್ದೋನಿಗೆ ನೀರು ಬ್ಯಾಡ್ವೇನಪ್ಪ?"

"ತಾತನ ಹೆಸರೇನು? ಹಾಕಿ ಹುಡುಕ್ತೀವಿ."

"ಗೊತ್ತಿಲ್ಲ ಮಗ."

"ನಿಮ್ ತಾತನ ಹೆಸರೇ ಗೊತ್ತಿಲ್ವಾ?"

"ನಮ್ಮಜ್ಜಿ ಹೇಳ್ಲಿಲ್ಲ. ಗಂಡ ಅಲ್ವಾ, ಅದ್ಕೆ."

ನಿಹಾಲನಿಗೆ ನಂಬಿಕೆ ಬರಲಿಲ್ಲ. "ನಮ್ಮಮ್ಮ ನಮ್ಮಪ್ಪನ್ನ ಲೋ ಯೋಗಿ ಅಂತಾಳೆ."

"ನಿಮ್ಮಮ್ಮ ಬುದ್ಧಿವಂತೆ ಕಣಪ್ಪ," ಅಂದಳು ಸಣ್ಣತಾಯಮ್ಮ. "ನಿಮ್ಮಪ್ಪ ಕಳ್ದೋದ್ರೆ ಹುಡುಕ್ಬೋದು."

ನಗು ನಿಂತ ಮೇಲೆ ಅವಳು ವಾರಿಜಾ ಮೇಡಂ ಕಡೆ ತಿರುಗಿದಳು. "ಹೆಸರು ಸಿಕ್ಕಿದ್ರೆ ನಂಗೊಂದು ಉಪ್ಕಾರ ಆಯ್ತದೆ ಮೇಡಮ್ಮೋರೆ. ಒಂದು ಉತ್ತರ ಬರಿಯೋದು ಬಾಕಿ ಅದೆ."

ಆ ಯುದ್ಧದಲ್ಲಿ ಸತ್ತವರ ಹೆಸರುಗಳನ್ನೆಲ್ಲ ಸೇರಿಸಿಟ್ಟ ಕಚೇರಿಯೊಂದು ದೂರ ದೇಶದಲ್ಲಿದೆಯಂತೆ. ಅವರ ಪಟ್ಟಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಊರು ಹಾಕಿ ನೋಡಬಹುದು ಅಂತ ಹೊಳೆದದ್ದು ಲಿಖಿತಾಳಿಗೆ. ಜನವೇ ಇಲ್ಲದ ಆ ಊರಿನ ಹೆಸರನ್ನು ಮಕ್ಕಳು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಬರೆದು ಹಾಕಿದರು. ಬಿಡುವಿನ ಹೊತ್ತಿನಲ್ಲೆಲ್ಲ ಅದೇ ಕೆಲಸ. ಕೊನೆಗೆ ಮಾವಿನಕೊಪ್ಪಲು ಸಿಕ್ಕಿತು. ಒಬ್ಬರಲ್ಲ, ಇಬ್ಬರು. ಇಬ್ಬರೂ ಹೇಸರಗತ್ತೆ ನಡೆಸುವವರು. ಇಬ್ಬರೂ ಬಸ್ರಾದಲ್ಲಿ ಸತ್ತವರು, ಬೇರೆ ಬೇರೆ ವರ್ಷ. ಸಾವಿನ ಸುದ್ದಿ ಊರಿಗೆ ಬಂದಿದ್ದರೂ ಅದನ್ನು ನಂಜವ್ವನಿಗೆ ಮುಟ್ಟಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ. ಯಾರು ತಾತ ಅಂತ ತಿಳಿಯುವ ಬಗೆ ಕಾಣಲಿಲ್ಲ.

ತಾಲೀಮಿನ ಮಧ್ಯಾಹ್ನ ಸಣ್ಣತಾಯಮ್ಮನನ್ನು ಕರೆದರು. ಕಿಟಕಿಗಳಿಗೆ ಗೋಣಿ ಕಟ್ಟಿ, ನನ್ನನ್ನು ತೊಲೆಯಿಂದ ತೂಗುಹಾಕಿದ್ದರು. ಅವಳು ನೇರವಾಗಿ ನನ್ನ ಹಿಂದಕ್ಕೆ ಹೋಗಿ ಕೂತಳು.

"ಅಜ್ಜಿ, ಅಲ್ಲಿ ಕೂತ್ರೆ ಕಾಣಲ್ಲ. ಕಂಡ್ರೂ ಉಲ್ಟಾ."

"ನೀರು ಚಿಮುಕ್ಸಿ, ಕಾಣ್ತದೆ. ನಂಗೆ ಉಲ್ಟಾನೇ ಸಲೀಸು."

ನೀರು ಬಿತ್ತು. ಎಷ್ಟೋ ವರ್ಷಗಳ ಮೇಲೆ ನನ್ನೊಳಗೆ ಬೆಳಕು ಹಾಯಿತು. ಎಣ್ಣೆದೀಪದ ಬೆಳಕಲ್ಲ, ಕಣ್ಣು ಕೋರೈಸುವ ಬೆಳಕು. ಆಮೇಲೆ ಎರಡು ಹೆಸರು. ಮಕ್ಕಳು ಕನ್ನಡದಲ್ಲೇ ಬರೆದಿದ್ದರು. ಒಂದು ನನ್ನ ಹೊಲಿಗೆಯ ಈ ಕಡೆ: ಜವರಯ್ಯ. ಇನ್ನೊಂದು ಆ ಕಡೆ: ಮಲ್ಲಯ್ಯ.

ಲಿಖಿತಾ ನನ್ನ ಹಿಂದಕ್ಕೆ ಬಗ್ಗಿ ನೋಡಿದಳು. ಅಜ್ಜಿ ಬಾಯೊಳಗೇ ಓದಿಕೊಳ್ಳುತ್ತಿದ್ದಳು.

"ಲಿಖಿತಾ," ಅಂದಳು ಕೊನೆಗೆ. "ಸಂಜೆ ಹೊತ್ತು ಅರಳ್ತದಲ್ಲ, ದಂಡೆ ಕಟ್ಟಿ ಮುಡೀತಾರಲ್ಲ, ಆ ಬಿಳೇ ಹೂವ್ಗೆ ಏನಂತೀರವ್ವ ನೀವು?"

"ಮಲ್ಲಿಗೆ."

"ನಮ್ಮಜ್ಜಿ ಒಂದಿನಾನೂ ಅಂಗನ್ನಲಿಲ್ಲ. ಬಿಳೇ ಹೂವ ಅಂತಲೇ ಅನ್ನೋಳು. ನಾವೂ ಅಂಗೇ ಕಲ್ತ್ವು. ಗುಡ್ಡದ ದೇವ್ರಿಗೆ ಹೋದ್ರೆ ಊರೋರೆಲ್ಲ ಮಲ್ಲಪ್ಪಾ ಮಲ್ಲಪ್ಪಾ ಅಂತ ಕೂಗೋರು, ಅವ್ಳು ಬಾಯಿಗೆ ಸೆರಗು ಇಟ್ಕಂಡು ಕೈ ಮುಗಿಯೋಳು. ಭಕ್ತಿ ಜಾಸ್ತಿಯಾಗಿ ಮಾತು ಬತ್ತಿಲ್ಲ ಅಂದ್ಕಂಡಿದ್ದೆ ನಾನು."

"ಜವರಯ್ಯ ಇರಬಾರ್ದಾ ಅಜ್ಜಿ?" ಅಂದ ನಿಹಾಲ. ಅವನಿಗೆ ಎರಡೂ ಕಡೆ ನೋಡದೆ ತೀರ್ಪು ಕೊಡುವುದು ಇಷ್ಟವಿರಲಿಲ್ಲ.

"ಜವರ ನಮ್ ಎತ್ತು ಕಣೋ. ಬೆಳಗೆದ್ರೆ ಅದ್ನ ಹೆಸರಿಡ್ದು ಬೈಯೋಳು. ಗಂಡನ ಹೆಸರು ಅದಾಗಿದ್ರೆ ಎತ್ತಿಗೆ ಬೇರೆ ಹೆಸರು ಇಡಿಸ್ತಿದ್ಲು."

ಗಿರಿಜಮ್ಮನ ಕುಂಚದ ಕೆಳಗೆ ಮಲಗಿ ನಾನೂ ಆ ಬೈಗುಳ ಕೇಳಿದ್ದೆನಲ್ಲ. ಸಾಕ್ಷಿ ಹೇಳಲು ನನಗೆ ಬಾಯಿಲ್ಲ.

ವಾರಿಜಾ ಮೇಡಂ ಮೆತ್ತಗೆ ಮುಂದಿನ ಸಾಲು ತೋರಿಸಿದರು. ಮಲ್ಲಯ್ಯ, ಸತ್ತದ್ದು 1917ರ ಸೆಪ್ಟೆಂಬರ್. "ನಿಮ್ಮಮ್ಮ ಹುಟ್ಟಿದ್ದು ಯಾವಾಗ ಅಮ್ಮ?"

"ದೊಡ್ಡ ಜ್ವರದ ಹಿಂದಿನ ವರ್ಷ. ರಾಗಿ ಕುಯ್ಲಲ್ಲಿ."

"ದೊಡ್ಡ ಜ್ವರ 1918. ಹಾಗಾದರೆ ನಿಮ್ಮಮ್ಮ ಹುಟ್ಟಿದ್ದು 1917ರ ಕೊನೆಗೆ. ಕಾಗದ ಬಂದದ್ದೂ ಆಗಲೇ." ಮೇಡಂ ಸೆಪ್ಟೆಂಬರ್ ಅನ್ನುವ ಮಾತಿನ ಮೇಲೆ ಬೆರಳಿಟ್ಟರು. "ಹಡಗಿನಲ್ಲಿ ಬರಬೇಕಿತ್ತಲ್ಲ, ತಡವಾಗಿದೆ. ನಿಮ್ಮ ಅಜ್ಜಿಯ ಕೈಗೆ ಕಾಗದ ಬರೋ ಹೊತ್ತಿಗೆ ಅವರು ಇರಲಿಲ್ಲ ಅಮ್ಮ."

ಸಣ್ಣತಾಯಮ್ಮ ಎದ್ದು ನನ್ನ ಹತ್ತಿರ ಬಂದಳು. ಆ ಹೆಸರು ಇದ್ದ ಕಡೆ ಅಂಗೈ ಇಟ್ಟಳು. ಬೆಳಕಿನಲ್ಲಿ ಅಕ್ಷರಗಳು ಅವಳ ಕೈಯ ಮೇಲೆ ಬಿದ್ದವು.

"ಮುನಿಸ್ಕಂಡಿರ್ಲಿಲ್ಲ ಕಣಜ್ಜಿ," ಅಂದಳು. ಯಾರಿಗೆ ಹೇಳಿದಳೋ, ನನಗೇ ಹೇಳಿದ ಹಾಗಿತ್ತು. "ಐವತ್ತು ವರ್ಸ ನೀನು ಸುಮ್ನೆ ನೊಂದ್ಕಂಡೆ. ಅವ್ರು ಮುನಿಸ್ಕಂಡೇ ಇರ್ಲಿಲ್ಲ."

ಶನಿವಾರ ಸಂಜೆ ಶಾಲೆಯ ಅಂಗಳದಲ್ಲಿ ಊರು ಸೇರಿತು. ಮುಂದೆ ಜಾಗ ಸಾಲದೆ ಹೆಂಗಸರು ಹಿಂದೆ ಹೋಗಿ ಕೂತರು, ಕೂತ ಮೇಲೆ ಅಲ್ಲೇ ಗಾಳಿ ಚೆನ್ನಾಗಿದೆ ಅಂದರು. ನನಗೆ ನೀರು ಚಿಮುಕಿಸಿದರು. ಆ ಸಂಜೆ ನನ್ನ ಮೈಮೇಲೆ ಹಡಗು ಬಂತು, ಮುಂಬಯಿಯ ಹಡಗುಕಟ್ಟೆ ಬಂತು, ಮರಳು ಬಂತು. ಟೈಗ್ರಿಸ್ ನದಿಯನ್ನು ನಿಹಾಲ ನೀಲಿ ಗೆರೆಯಲ್ಲಿ ಬರೆದಿದ್ದ. ನನ್ನ ಹೊಲಿಗೆಯನ್ನೂ ನದಿಯೆಂದೇ ತಿಳಿದು ಒಬ್ಬ ಚಿಕ್ಕ ಹುಡುಗಿ, "ಎರಡು ಹೊಳೆ ಅವೆ," ಅಂದಳು. ಮೈಸೂರು ಸೀಮೆಯಿಂದ ಹೋದ ಸಾಗಣೆಯ ಜನರ ಮಾತು ಬಂತು. ಗುಂಡಿಗಿಂತ ಬಿಸಿಲು, ಜ್ವರ ಕೊಂದವರ ಮಾತು ಬಂತು. ಎದುರು ಪಕ್ಷದ ತುರ್ಕಿ ಸಿಪಾಯಿಗಳ ಚಿತ್ರವೂ ಬಂತು. ಅವರೂ ಒಣಗಿದ ತುಟಿಯವರೇ. ಮುಂದಿನವರಿಗೆ ಸೈನ್ಯ ಎಡದಿಂದ ಬಂತು, ಹಿಂದಿನವರಿಗೆ ಬಲದಿಂದ. ಎರಡೂ ಕಡೆಯವರು ಒಂದೇ ಹೊತ್ತಿಗೆ ಕತ್ತು ಚಾಚಿದರು.

ಆಮೇಲೆ ಸಣ್ಣತಾಯಮ್ಮನ ದನಿ ಸ್ಪೀಕರಿನ ಪೆಟ್ಟಿಗೆಯಿಂದ ಬಂತು, ಬತ್ತಾಸಿನ ಕತೆಯವರೆಗೂ. ಕೊನೆಗೆ ಒಂದೇ ಹೆಸರು, ನನ್ನ ನಡುವೆ. ಲಿಖಿತಾ ಮೈಕಿನಲ್ಲಿ ಓದಿದಳು. "ಮಾವಿನಕೊಪ್ಪಲಿನ ಮಲ್ಲಯ್ಯ. ಕೆಂಚನಕಟ್ಟೆಯ ನಂಜವ್ವನ ಗಂಡ. ಓಡಿಹೋಗಲಿಲ್ಲ."

ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಹುಚ್ಚೇಗೌಡ ಕೋಲೂರಿ ಎದ್ದ. ಬಹಳ ಮುದುಕ ಈಗ. ನನ್ನ ಮಗ್ಗುಲಿಂದ ಹಾದು ಹಿಂದಕ್ಕೆ ಬಂದ.

"ಸಣ್ಣತಾಯಿ, ನಮ್ಮಪ್ಪ ಹೇಳಿದ್ದ ಅಂತ ನಾನೂ ಹೇಳ್ತಿದ್ದೆ ಕಣವ್ವ."

"ಗೊತ್ತು ಕಣಣ್ಣ. ಕೂತ್ಕೋ, ಇಲ್ಲಿ ಗಾಳಿ ಚೆನ್ನಾಗದೆ."

"ಈ ಸಲ ಎಡೆ ಇಡ್ತೀಯಲ್ಲ? ಬಾಳೆ ಎಲೆ ನಮ್ ತೋಟದ್ದು ತಗಂಡೋಗು."

ಬಹುಮಾನ ಬೇರೆ ಶಾಲೆಗೆ ಹೋಯಿತು. ಅವರು ಕುದುರೆ ತೋರಿಸಿದ್ದರು. ಆದರೆ ನಮ್ಮ ಶಾಲೆಗೆ ಊರವರೇ ಚಂದಾ ಎತ್ತಿ ನಿಜವಾದ ಪರದೆ ಕೊಡಿಸಿದರು. ಸಣ್ಣತಾಯಮ್ಮ ನನ್ನನ್ನು ವಾಪಸು ಒಯ್ಯಲಿಲ್ಲ. "ಇಲ್ಲೇ ಇರ್ಲಿ, ಮಕ್ಳ ಜೊತೆ," ಅಂದಳು. ಈಗ ನಾನು ಶಾಲೆಯ ಕಂಪ್ಯೂಟರಿಗೆ ಧೂಳು ಕೂರದ ಹಾಗೆ ಹೊದಿಕೆ. ನಡುವೆ ಸವೆದಿದ್ದೇನೆ, ಇನ್ನೊಂದು ಸಲ ಒದ್ದೆ ಮಾಡಿದರೆ ಹೊಲಿಗೆಯೊಂದೇ ಉಳಿದೀತು. ಹೊದಿಸುವಾಗಲೂ ತೆಗೆಯುವಾಗಲೂ ಮಕ್ಕಳ ಕೈ ತಾಗುತ್ತದೆ. ದುಡಿದು ಹಳತಾದ ಬಟ್ಟೆ ಒಲೆಯ ಮಸಿ ಒರೆಸುವುದೂ ಉಂಟು. ನನ್ನ ಪಾಲಿಗೆ ಇದು ಬಂತು. ನನ್ನನ್ನು ನೇಯ್ದವನಿಗೆ, ಹೊದ್ದವಳಿಗೆ, ನೀರು ಚಿಮುಕಿಸಿದ ಕೈಗಳಿಗೆ ನಾನು ಬೇರೆ ಏನು ಕೊಡಬಲ್ಲೆ? ಮೈಮೇಲೆ ಬಿದ್ದ ಬೆಳಕನ್ನು ಆಚೆಗೂ ಬಿಟ್ಟೆ, ಅಷ್ಟೆ.

ಪಿತೃಪಕ್ಷ ಕಳೆದ ಸೋಮವಾರ ಸಣ್ಣತಾಯಮ್ಮ ಶಾಲೆಗೆ ಬಂದಳು. ಸೆರಗಿನೊಳಗಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ, ನನ್ನ ಮೇಲೆ ಹರಡಿದಳು. ನನಗೆ ಓದಲು ಬರುತ್ತದಲ್ಲ, ಓದಿದೆ.

"ತಾತ ಮಲ್ಲಯ್ಯನವರಿಗೆ ಮೊಮ್ಮಗಳು ಸಣ್ಣತಾಯಿಯ ನಮಸ್ಕಾರ. ನೀವು ಕೇಳಿದ್ದಿರಿ. ಮಗು ಹೆಣ್ಣು. ಹೆಸರು ಕಾಳಮ್ಮ. ಮೂಗು ನಿಮ್ಮದೇ ಅಂತ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಉತ್ತರ ಬರೆಸಲು ಸಂತೆಗೆ ಹೋಗಿದ್ದಳು. ನಿಮ್ಮ ಆಯುಸ್ಸು ಸವೆಯಬಾರದು ಅಂತ ಹೆಸರು ಹೇಳದೆ ಬಂದಳು. ತಡವಾಯಿತು. ಈ ವರ್ಷ ನಿಮ್ಮ ಹೆಸರು ಹೇಳಿ ಎಡೆ ಇಟ್ಟೆವು."

ಲಿಖಿತಾ ಫೋನಿನಿಂದ ಹಾಳೆಯ ಚಿತ್ರ ತೆಗೆದಳು. ಹೆಸರುಗಳನ್ನು ಕಾಯುವ ಆ ಕಚೇರಿಯ ವಿಳಾಸ ಹಾಕಿ, ಮಲ್ಲಯ್ಯನವರ ಹೆಸರಿನ ಜೊತೆ ಇದನ್ನೂ ಇಡಬೇಕೆಂದು ವಾರಿಜಾ ಮೇಡಂ ಇಂಗ್ಲಿಷಿನಲ್ಲಿ ನಾಲ್ಕು ಮಾತು ಸೇರಿಸಿದರು.

"ಅಜ್ಜಿ, ಅಲ್ಲಿರೋರಿಗೆ ಕನ್ನಡ ಬರಲ್ವಲ್ಲ," ಅಂದ ನಿಹಾಲ.

"ತಾತನಿಗೆ ಬತ್ತದಲ್ಲಪ್ಪ."

ಲಿಖಿತಾ ಫೋನನ್ನು ಅವಳ ಮುಂದೆ ಹಿಡಿದು ಕಳಿಸುವ ಗುಂಡಿ ತೋರಿಸಿದಳು. ಸಣ್ಣತಾಯಮ್ಮ ಬೆರಳನ್ನು ಮೊದಲು ನನ್ನ ಅಂಚಿಗೆ ಒರೆಸಿಕೊಂಡಳು. ಆಮೇಲೆ ಒತ್ತಿದಳು.

"ಇಷ್ಟೇನಾ?" ಅಂದಳು.

"ಇಷ್ಟೇ ಅಜ್ಜಿ. ಹೋಯ್ತು."